ಜೇನುಮೇಣ ಮೆತ್ತಿದ ಕನ್ನಡಕ

ಅಂತರಸಂತೆಯ ಮಿಡ್ಲ್‌ಸ್ಕೂಲ್ ಮೇಷ್ಟ್ರು ನೀಲಕಂಠಸ್ವಾಮಿಯವರಿಗೆ ಹೆಂಡತಿಯ ಮೇಲೆ ಇದ್ದ ದೂರು ಒಂದೇ. ಕನ್ನಡಕ ಹಾಕಿಕೊಂಡ ಗಂಡಸಿಗೆ ಇಡೀ ಊರು ಕೊಡುವ ಗೌರವವನ್ನು ಸರ್ವಮಂಗಳಮ್ಮ ಒಬ್ಬರೇ ಕೊಡುತ್ತಿರಲಿಲ್ಲ. ಕನ್ನಡಕ ಬಂದ ಮೇಲೆ ಬಸ್ಸಿನ ಕಂಡಕ್ಟರ್ ಅವರಿಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ. ಹೆಡ್‌ಮಾಸ್ಟರು ಏಕವಚನದಿಂದ ಬಹುವಚನಕ್ಕೆ ಏರಿದ್ದರು. ಮನೆಯಲ್ಲಿ ಮಾತ್ರ, "ರೀ, ಅದು ಕಂಬ. ಬಾಗಿಲು ಆಚೆ ಕಡೆ ಇದೆ," ಎನ್ನುವುದೇ ಸ್ವಾಗತ ಭಾಷಣ.

(ಕಂಬದ ವಿಷಯ ಸುಳ್ಳಲ್ಲ. ಎಂಟು ತಿಂಗಳಲ್ಲಿ ಮೇಷ್ಟ್ರ ಹಣೆ ಆ ಕಂಬವನ್ನು ಮುಟ್ಟಿದಷ್ಟು ಸಲ ದೇವರ ಗೂಡಿನ ಹೊಸ್ತಿಲನ್ನೂ ಮುಟ್ಟಿರಲಿಲ್ಲ.)

ಕನ್ನಡಕ ಅವರದಲ್ಲ, ದೊಡ್ಡಬೀರಯ್ಯನದು. ಕಾಕನಕೋಟೆಯ ಮರದ ಡಿಪೋದಲ್ಲಿ ರೈಟರ್ ಆಗಿದ್ದ ದೊಡ್ಡಬೀರಯ್ಯ ಮೇಷ್ಟ್ರಿಗೆ ಇಪ್ಪತ್ತು ವರ್ಷದ ಗೆಳೆಯ. ದಿಮ್ಮಿಗಳಿಗೆ ನಂಬರು ಹಾಕಿಸುವುದು ಅವನ ನೌಕರಿ, ಎದುರಿಗಿದ್ದವರನ್ನು ನಗಿಸುವುದು ಕಸುಬು. ದೀಪಾವಳಿಯ ಹಿಂದಿನ ವಾರ ಜ್ವರ ಎಂದು ಮಲಗಿದವನು ನಾಲ್ಕನೆಯ ದಿನ ಹೋಗಿಬಿಟ್ಟ. ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಲು ಗೊತ್ತುಮಾಡಿದ್ದ ಲಾರಿ ಬಂದು ಬಾಗಿಲಲ್ಲಿ ನಿಂತಾಗ ಅವನಿಗೆ ಅದು ಬೇಕಾಗಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವನ ಹೆಂಡತಿ ಮಲ್ಲಾಜಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಕನ್ನಡಕವನ್ನು ಮೇಷ್ಟ್ರ ಕೈಗಿಟ್ಟು, "ನೀವು ಇಟ್ಕಳಿ ಅಣ್ಣಾ, ಅವ್ರ ಗ್ಯಾಪಕಕ್ಕೆ," ಎಂದರು. ಮೇಷ್ಟ್ರು ಅಲ್ಲಿಯೇ ಹಾಕಿಕೊಂಡರು. "ಕಾಣ್ತದಾ?" ಎಂದು ಆಕೆ ಕೇಳಿದರು. ಕಣ್ಣ ತುಂಬ ನೀರಿಟ್ಟುಕೊಂಡವನಿಗೆ ಯಾವ ಕನ್ನಡಕದಲ್ಲಿ ಏನು ಕಂಡೀತು? "ಬಹಳ ಚೆನ್ನಾಗಿ ಕಾಣುತ್ತೆ ತಾಯಿ," ಎಂದುಬಿಟ್ಟರು.

ಕಣ್ಣೊರೆಸಿಕೊಂಡ ಮೇಲೂ ಕಾಣಲಿಲ್ಲ. ಆ ಗಾಜುಗಳ ಆಚೆ ಎಮ್ಮೆ ಇದ್ದರೆ ಎರಡು ಎಮ್ಮೆ, ಹೆಡ್‌ಮಾಸ್ಟರಿದ್ದರೆ ಒಂದೂವರೆ ಹೆಡ್‌ಮಾಸ್ಟರು. ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ಮೇಷ್ಟ್ರು ಬೆಳಗ್ಗೆ ಎದ್ದು ಕನ್ನಡಕ ಏರಿಸಿದರೆ ರಾತ್ರಿ ಮಲಗುವಾಗಲೇ ಇಳಿಸುವುದು. ಓದಬೇಕಾದಾಗ ಮಾತ್ರ ಏನೋ ಗಹನವಾದ ಯೋಚನೆ ಬಂದವರಂತೆ ಅದನ್ನು ಹಣೆಗೆ ತಳ್ಳಿ, ಬರಿಗಣ್ಣಿನಿಂದ ಸರಸರ ಓದಿ, ಯೋಚನೆ ಮುಗಿದವರಂತೆ ಮತ್ತೆ ಮೂಗಿಗೆ ಇಳಿಸಿಕೊಳ್ಳುತ್ತಿದ್ದರು. ಈ ಉಪಾಯ ಯಾರಿಗೂ ಗೊತ್ತಿಲ್ಲವೆಂದು ಅವರು ತಿಳಿದಿದ್ದರು. ಸರ್ವಮಂಗಳಮ್ಮನಿಗೆ ಮೊದಲನೆಯ ವಾರವೇ ಗೊತ್ತಾಗಿತ್ತು. ಸತ್ತ ಗೆಳೆಯನ ವಸ್ತು ಎಂದು ಬಾಯಿ ಬಿಟ್ಟಿರಲಿಲ್ಲ, ಅಷ್ಟೇ. ಕಂಬ ತಪ್ಪಿಸುವ ದಾರಿ ಮಾತ್ರ ತೋರಿಸುತ್ತಿದ್ದರು.

ಹೀಗೆ ಎಂಟು ತಿಂಗಳು ನಡೆದ ಮೇಲೆ ಸಾಲಿಗ್ರಾಮದಿಂದ ಒಂದು ಕಾರ್ಡು ಬಂತು. ಗಂಡ ಹೋದ ಮೇಲೆ ಮಲ್ಲಾಜಮ್ಮ ಅಲ್ಲಿ ತಮ್ಮನ ಮನೆಯಲ್ಲಿದ್ದರು. "ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅವರ ಕನ್ನಡಕದ ವಿಷಯ ನಿಮ್ಮ ಹತ್ತಿರ ಒಂದು ಮಾತಾಡುವುದಿದೆ."

"ಹೇಗೆ ಇಟ್ಟುಕೊಂಡಿದ್ದೀನಿ ಅಂತ ನೋಡೋಕೆ ಬರ್ತಾ ಇದ್ದಾರೆ ಕಣೇ," ಎಂದು ಮೇಷ್ಟ್ರು ಹೆಮ್ಮೆಯಿಂದ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿದರು. ಶನಿವಾರವೂ ಎರಡು ಸಲ ಒರೆಸಿದರು.

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಬಚ್ಚಲಿನಲ್ಲಿ ಮುಖ ತೊಳೆಯಲು ಹಂಡೆಯ ಮೇಲೆ ಬಗ್ಗಿದಾಗ ಹಣೆಯ ಮೇಲಿದ್ದ ಕನ್ನಡಕ ಜಾರಿ ಕಲ್ಲಿನ ಮೇಲೆ ಬಿತ್ತು.

ಮೇಷ್ಟ್ರು ಹಾಕಿದ ಕೂಗಿಗೆ ಸರ್ವಮಂಗಳಮ್ಮ ರೊಟ್ಟಿ ತಟ್ಟುವ ಕೈಯಲ್ಲೇ ಓಡಿಬಂದರು. ಹಾವು ಕಡಿದಿದೆ ಎಂದುಕೊಂಡಿದ್ದರು. ನೋಡಿದರೆ ಗಂಡ ಬಚ್ಚಲಿನಲ್ಲಿ ಮಂಡಿಯೂರಿ ಕುಳಿತಿದ್ದಾರೆ, ಎಡಗೈಯಲ್ಲಿ ಎಡಗಣ್ಣು, ಬಲಗೈಯಲ್ಲಿ ಬಲಗಣ್ಣು. ಗಾಜು ಎರಡೂ ಉಳಿದಿದ್ದವು. ಮೂಗಿನ ಮೇಲೆ ಕೂರುವ ನಡುವಿನ ಕಮಾನು ಎರಡಾಗಿತ್ತು, ಒಂದು ಕಡ್ಡಿಯೂ ಬುಡದಲ್ಲಿ ಮುರಿದಿತ್ತು.

"ಹೋಗ್ಲಿ ಬಿಡಿ. ಮುರೀತು ಅಂತ ಹೇಳಿದ್ರಾಯ್ತು."

"ಏನಂತ ಹೇಳ್ಲಿ? ನಿಮ್ಮ ಯಜಮಾನನ್ನ ಹಂಡೆ ಹತ್ತಿರ ಇನ್ನೊಂದು ಸಲ ಸಾಯಿಸಿದೆ ಅಂತ ಹೇಳ್ಲಾ? ಅವಳಿಗೆ ಅವನದು ಅಂತ ಬೇರೆ ಏನಿದೆಯೇ?" ಮೇಷ್ಟ್ರು ತುಂಡುಗಳನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಎದ್ದರು. "ಬಸ್ಸು ಬರೋದು ಒಂದು ಗಂಟೆಗೆ. ಅಷ್ಟರಲ್ಲಿ ಸರಿಮಾಡ್ತೀನಿ. ನಾನೂ ವಿಜ್ಞಾನ ಪಾಠ ಮಾಡೋನು."

"ಅದೇ ಭಯ," ಎಂದು ಸರ್ವಮಂಗಳಮ್ಮ ರೊಟ್ಟಿಗೆ ಹಿಂದಿರುಗಿದರು.

ಪ್ರಥಮ ಚಿಕಿತ್ಸೆ ಗೋಂದಿನದು. ಶಾಲೆಯ ಹಾಜರಿ ಪುಸ್ತಕಗಳನ್ನು ಅಂಟಿಸುವ ಗೋಂದು. ಅರ್ಧ ಗಂಟೆ ಒತ್ತಿ ಹಿಡಿದು ಕುಳಿತ ಮೇಲೆ ಕನ್ನಡಕ ಬಿಟ್ಟು ಉಳಿದದ್ದೆಲ್ಲ ಅಂಟಿಕೊಂಡಿತ್ತು: ಹೆಬ್ಬೆರಳಿಗೆ ತೋರುಬೆರಳು, ತೋರುಬೆರಳಿಗೆ ಪಂಚಾಂಗದ ಒಂದು ಹಾಳೆ.

ದ್ವಿತೀಯ ಚಿಕಿತ್ಸೆ ಕಾವಿನದು. ಗೋಣಿ ಹೊಲೆಯುವ ದಬ್ಬಣವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಮುಟ್ಟಿಸಿದರೆ ಫ್ರೇಮು ಕರಗಿ ಕೂಡಿಕೊಳ್ಳುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ. ಮುಟ್ಟಿಸಿದರು. ಫ್ರೇಮು ಕರಗುವ ಬದಲು ಭುಸ್ಸೆಂದು ಹೊತ್ತಿಕೊಂಡಿತು.

"ಬೀರಾ!" ಎಂದು ಮೇಷ್ಟ್ರು ಕಿರುಚಿದರು.

ಸರ್ವಮಂಗಳಮ್ಮ ಕೈಗೆ ಸಿಕ್ಕ ಕಲಗಚ್ಚಿನ ಗಡಿಗೆಯನ್ನು ಎತ್ತಿ ಸುರಿದರು. ಉರಿ ಆರಿತು. ಮೇಷ್ಟ್ರ ತಲೆಯ ಮೇಲೆ ಅಕ್ಕಿ ತೊಳೆದ ನೀರು, ಹೀರೇಕಾಯಿ ಸಿಪ್ಪೆ.

"ಎಮ್ಮೆಗೆ ಅಂತ ಇಟ್ಟಿದ್ದೆ," ಎಂದು ಆಕೆ ಶಾಂತವಾಗಿ ಹೇಳಿದರು. "ತಪ್ಪೇನೂ ಆಗಲಿಲ್ಲ."

ಆಗ ಗಂಟೆ ಹನ್ನೊಂದು. ಮೇಷ್ಟ್ರು ಜಗಲಿಯ ಮೇಲೆ ತಲೆ ಒರೆಸಿಕೊಳ್ಳುತ್ತಾ ಕುಳಿತಿದ್ದಾಗ ಕಾಡಂಚಿನ ಹಾಡಿಯ ಈರ ಜೇನು ತಂದ. ಪ್ರತಿ ವರ್ಷ ಈ ಕಾಲಕ್ಕೆ ಅವನು ಈ ಮನೆಗೆ ಜೇನು ತರುವುದು ವಾಡಿಕೆ. ಬುಟ್ಟಿಯಲ್ಲಿ ಮುತ್ತುಗದ ಎಲೆಯಲ್ಲಿ ಸುತ್ತಿದ ಇನ್ನೊಂದು ಗಂಟೂ ಇತ್ತು.

"ಅದೇನೋ ಅದು?"

"ಮೇಣ ಕಣ್ರೀ ಮೇಷ್ಟ್ರೇ. ಸ್ವಸೈಟಿಗೆ ಆಕ್ಬೇಕು."

ಮೇಣ! ಮೇಷ್ಟ್ರು ಎದ್ದು ನಿಂತರು. ಈರನಿಗೆ ಕನ್ನಡಕದ ಎರಡು ತುಂಡು ತೋರಿಸಿದರು. ಈರ ಅದನ್ನು ಹಕ್ಕಿಮರಿ ಹಿಡಿದಂತೆ ಅಂಗೈಯಲ್ಲಿ ಹಿಡಿದು ನೋಡಿದ.

"ರೈಟ್ರದಲ್ವಾ?"

"ಹೂಂ."

"ನಮ್ ಆಡಿಗೆ ಬಂದ್ರೆ ಮದ್ಲು ನಗೋರು, ಆಮೇಕೆ ಮಾತಾಡೋರು." ಈರ ಒಂದು ಉಂಡೆ ಮೇಣ ಮುರಿದು ಕೊಟ್ಟ. "ತಕಳಿ. ಆದ್ರೆ ಇದು ಅಸಿ ಮೇಣ ಮೇಷ್ಟ್ರೇ. ಇನ್ನೂವೇ ಜೇನು ಅದೆ ಒಳಗೆ. ನೀರಲ್ಲಿ ಕುದ್ಸಿ, ಬಟ್ಟೇಲಿ ಸೋಸಿ, ಒಂದಿನ ಆರಾಕ್ಬೇಕು."

"ಒಂದು ದಿನ ಎಲ್ಲಿದೆಯೋ? ಬಸ್ಸಿಗೆ ಇನ್ನು ಎರಡು ಗಂಟೆ."

"ಅಂಗಾರೆ ಬ್ಯಾಡಿ ಬುಡಿ. ಒಳ್ಳೇದಾಗಾಕಿಲ್ಲ."

"ಮೇಣದ ಗುಣ ನನಗೆ ಗೊತ್ತಿಲ್ವೇನೋ? ಏಳನೇ ಕ್ಲಾಸಿಗೆ ಪಾಠ ಮಾಡ್ತೀನಿ."

ಈರ ಸರ್ವಮಂಗಳಮ್ಮನ ಕಡೆ ನೋಡಿದ. ಅವರು ಈರನ ಕಡೆ ನೋಡಿದರು.

ಮೇಷ್ಟ್ರು ಹಸಿ ಮೇಣವನ್ನು ಬೆರಳಲ್ಲಿ ನಾದಿ ಕಮಾನಿಗೆ ಮೆತ್ತಿದರು, ಕಡ್ಡಿಯ ಬುಡಕ್ಕೆ ಮೆತ್ತಿದರು, ಮೇಲೆ ಕಪ್ಪು ದಾರ ಸುತ್ತಿದರು, ಸುಟ್ಟ ಜಾಗಕ್ಕೆ ಒಲೆಯ ಮಸಿ ಹಚ್ಚಿದರು. ಕನ್ನಡಿಯಲ್ಲಿ ನೋಡಿಕೊಂಡರೆ, ಎರಡೆರಡಾಗಿ ಕಂಡರೂ, ಕನ್ನಡಕ ಒಂದಾಗಿತ್ತು. ಮೂಗಿನ ಮಧ್ಯೆ ನೆಲ್ಲಿಕಾಯಿ ಗಾತ್ರದ ಒಂದು ಗಂಟು, ಅಷ್ಟೇ. ದೂರದಿಂದ ನೋಡುವವರಿಗೆ ಅದು ಮೂಗಿನದೇ ಭಾಗ.

ಬಸ್ಸು ಬಂತು. ಮಲ್ಲಾಜಮ್ಮ ಬಂದರು. ಸೊರಗಿಹೋಗಿದ್ದರು. ಬಳೆಯಿಲ್ಲದ ಕೈಯಲ್ಲಿ ಒಂದು ಬಟ್ಟೆಚೀಲವನ್ನು ಎದೆಗೆ ಒತ್ತಿಕೊಂಡಿದ್ದರು. ಮುದ್ದೆ, ಉಪ್ಸಾರು ಊಟ ಮಾಡುವಾಗ ಆಕೆ ಮೇಷ್ಟ್ರ ಮುಖವನ್ನು ನೋಡುವುದು, ಮೇಷ್ಟ್ರು ನೋಡಿದ ಕೂಡಲೇ ತಟ್ಟೆಯ ಕಡೆ ತಿರುಗುವುದು ಹೀಗೇ ನಡೆಯಿತು. ಗೊತ್ತಾಗಿಹೋಗಿದೆ ಎಂದುಕೊಂಡರು ಮೇಷ್ಟ್ರು. ಬಗ್ಗಿದರೆ ಕಳಚೀತೆಂದು ತಲೆ ನೆಟ್ಟಗಿಟ್ಟುಕೊಂಡೇ ಉಂಡರು. ಅರ್ಧ ಸಾರು ಅಂಗಿಯ ಪಾಲಾಯಿತು.

ಊಟವಾಗಿ ನಡುಮನೆಯಲ್ಲಿ ಕುಳಿತಾಗ ಎಡಗಿವಿಯ ಹಿಂದೆ ಏನೋ ಸಣ್ಣಗೆ ಹರಿದಾಡಿದಂತಾಯಿತು. ಆಮೇಲೆ ಕೆನ್ನೆಯ ಮೇಲೆ. ಆಮೇಲೆ ಮೂಗಿನ ಬುಡದ ಜೇನಿಗೆ ಇರುವೆಗಳ ಒಂದು ಸಭೆಯೇ ಸೇರಿದಂತೆ. ಕೈ ಎತ್ತಿದರೆ ಕನ್ನಡಕ ಉಳಿಯದು. ಮೇಷ್ಟ್ರು ಮೂಗನ್ನು ಎಡಕ್ಕೆ ಎಳೆದರು, ಬಲಕ್ಕೆ ಎಳೆದರು, ಹುಬ್ಬು ಹಾರಿಸಿದರು.

"ಅಣ್ಣಾ, ಮೈಗ್ ಉಸಾರಿಲ್ವಾ?" ಮಲ್ಲಾಜಮ್ಮನಿಗೆ ಗಾಬರಿ.

"ಇಲ್ಲ ತಾಯಿ, ಹಾಗೇ... ವ್ಯಾಯಾಮ."

"ಡಾಕ್ಟರು ಹೇಳಿದಾರೆ," ಎಂದು ಸರ್ವಮಂಗಳಮ್ಮ ಕಾಫಿ ಲೋಟ ತಂದಿಟ್ಟರು. ಬೇಕೆಂದೇ ಕುದಿಯುವ ಕಾಫಿ ಕೊಟ್ಟರೋ ಏನೋ, ಅದು ಇಂದಿಗೂ ಇತ್ಯರ್ಥವಾಗಿಲ್ಲ. ಮೇಷ್ಟ್ರು ಲೋಟವನ್ನು ತುಟಿಗೆ ತಂದರು. ಹಬೆ ಮೂಗಿಗೆ ಅಡರಿತು. ನೆಲ್ಲಿಕಾಯಿ ಮೆತ್ತಗಾಯಿತು. ಮೊದಲು ಬಲಗಣ್ಣು ಮೆಲ್ಲಗೆ ಓಲಿತು, ಆಮೇಲೆ ಬುಳುಕ್ಕೆಂದು ಕಾಫಿಯೊಳಗೆ ಇಳಿಯಿತು. ಎಡಗಣ್ಣು ಕಿವಿಗೆ ನೇತುಬಿದ್ದು ಭುಜದ ಮೇಲೆ ತೂಗಾಡಿತು.

ಮೇಷ್ಟ್ರು ಲೋಟವನ್ನು ಕೆಳಗಿಟ್ಟರು.

"ಮುರಿದುಬಿಟ್ಟೆ ತಾಯಿ," ಎಂದರು. "ಬೀರನ ಕನ್ನಡಕ ಮುರಿದುಬಿಟ್ಟೆ. ನೀವು ನಂಬಿ ಕೊಟ್ಟಿದ್ರಿ. ನನ್ನ ಕೈಲಿ ಅಷ್ಟೂ ಆಗಲಿಲ್ಲ."

ಮಲ್ಲಾಜಮ್ಮ ಆ ಲೋಟವನ್ನು ನೋಡಿದರು. ಆಮೇಲೆ ಎಂಟು ತಿಂಗಳಿಂದ ಒಳಗೇ ಹಿಡಿದಿಟ್ಟಿದ್ದಂತಿದ್ದ ಒಂದು ದೊಡ್ಡ ಉಸಿರು ಬಿಟ್ಟು, "ಅಬ್ಬ! ಮುರೀತಾ? ಒಳ್ಳೇದಾಯ್ತು ಬುಡಿ," ಎಂದರು.

ಬಟ್ಟೆಚೀಲಕ್ಕೆ ಕೈ ಹಾಕಿದರು. ಅದರಿಂದ ಹೊರಗೆ ಬಂದದ್ದು ಇನ್ನೊಂದು ಕನ್ನಡಕ. ಅದೇ ಕಪ್ಪು ಫ್ರೇಮು, ಅದೇ ಆಕಾರ.

"ಅವ್ರು ದಿನಾ ಆಕತಿದ್ದುದು ಇದು ಅಣ್ಣಾ. ಅವತ್ತು ಪೆಟ್ಗೇಲಿ ಎಲ್ಡೂ ಇದ್ದೋ. ನಿಮ್ಗೆ ಇದ್ನೇ ಕೊಡ್ಬೇಕು ಅಂತ ಎತ್ಕಂಡೆ. ಕೈ ಬರ್ನಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಅದ್ಕೇ ಆ ಇನ್ನೊಂದ ಕೊಟ್ಟೆ. ನಂಬರು ತಪ್ಪೋಗದೆ ಅಂತ ಅವ್ರೇ ಮೂಲೇಗೆ ಎಸೆದಿದ್ದದ್ದು. ನೀವು ಅದ ಆಕಂಡು ಬಾಳ ಚೆಂದಾಗಿ ಕಾಣ್ತದೆ ಅಂದುಬುಟ್ರಿ. ಅವತ್ತಿಂದ ನಂಗೆ ಅನ್ನ ಇಳ್ದಿಲ್ಲ. ಆಡ್ಕತಾ ಇದ್ದೀರೋ, ನಿಜಕ್ಕೂ ಕಾಣ್ತದೋ ತಿಳೀದೆ ಒದ್ದಾಡ್ಬುಟ್ಟೆ. ತಪ್ಪಾಯ್ತು ಅಂತ ಏಳಾನ ಅಂತ್ಲೇ ಬಂದೆ."

ಮೇಷ್ಟ್ರು ಭುಜದ ಮೇಲೆ ತೂಗುತ್ತಿದ್ದ ಎಡಗಣ್ಣನ್ನು ಕಿವಿಯಿಂದ ತೆಗೆದು ಲೋಟದ ಪಕ್ಕಕ್ಕಿಟ್ಟರು.

"ಕಾಣ್ತಿತ್ತೇನ್ರೀ?" ಎಂದು ಸರ್ವಮಂಗಳಮ್ಮ ಮುಗ್ಧವಾಗಿ ಕೇಳಿದರು. "ಆ ಕಂಬ ಕಾಣ್ತಿತ್ತಾ?"

"ಎರಡು ಕಂಬ ಕಾಣ್ತಿತ್ತು ಕಣೇ," ಎಂದರು ಮೇಷ್ಟ್ರು. ಅದನ್ನು ಹೇಳಿದ ಕ್ಷಣಕ್ಕೆ ಅವರ ಹೆಗಲ ಮೇಲಿಂದ ಕಾಕನಕೋಟೆಯ ಒಂದು ಇಡೀ ದಿಮ್ಮಿ ಇಳಿದಂತಾಯಿತು. ಕೈಯೆತ್ತಿ ಮುಖದ ಇರುವೆಗಳನ್ನು ಒಂದೇ ಸಲ ಒರೆಸಿಹಾಕಿದರು. ಅದಕ್ಕಿಂತ ದೊಡ್ಡ ಸುಖವನ್ನು ಅವರು ಆ ವರ್ಷ ಕಂಡಿರಲಿಲ್ಲ.

"ಅಲ್ಲಮ್ಮಾ, ಎಸೆದಿದ್ದು ಅಂದ್ರೆ? ನನ್ನ ಮುಂದೆ ಎಷ್ಟೋ ಸಲ ಇದನ್ನ ಹಾಕಿಕೊಂಡಿದ್ದಾನಲ್ಲ. ಈ ಗೀರು ನನಗೆ ಗುರುತಿದೆ," ಎಂದು ಮುರಿದ ಕನ್ನಡಕವನ್ನು ಮುಂದೆ ಹಿಡಿದರು.

ಮಲ್ಲಾಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಳುತ್ತಿದ್ದಾರೆ ಎಂದುಕೊಂಡರೆ, ಇಲ್ಲ.

"ಅದು... ಭಾನ್ವಾರದ್ದು ಅಣ್ಣಾ. ನಿಮ್ ಜೊತೆ ಚೌಕಾಬಾರ ಆಡಾಕೆ ಬರೋವಾಗ ಮಾತ್ರ ಉಡ್ಕಿ ಆಕಳೋರು."

ಪ್ರತಿ ಭಾನುವಾರ ಇದೇ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಇಬ್ಬರೂ ಚೌಕಾಬಾರ ಆಡುತ್ತಿದ್ದರು. ಬೀರಯ್ಯ ನಾಲ್ಕು ಮನೆ ನಡೆಸಬೇಕಾದ ಕಡೆ ಐದು ನಡೆಸಿ ಮೇಷ್ಟ್ರ ಕಾಯಿ ಹೊಡೆಯುತ್ತಿದ್ದ. ಕೇಳಿದರೆ ಕನ್ನಡಕ ಒತ್ತಿಕೊಂಡು, "ಹೌದೇನಯ್ಯ? ನನಗೆ ಮನೆ ಎರಡೆರಡು ಕಾಣ್ತವೆ ಕಣೋ ನೀಲಕಂಠ," ಎನ್ನುತ್ತಿದ್ದ. ಪಾಪ, ಕಣ್ಣು ಮಂಜಾಗಿದೆ ಎಂದು ಮೇಷ್ಟ್ರು ಬಿಟ್ಟುಕೊಡುತ್ತಿದ್ದರು. ಹನ್ನೊಂದು ವರ್ಷ ಬಿಟ್ಟುಕೊಟ್ಟಿದ್ದರು.

"ಕಂಡೇ ಕಾಣೋದು ಅವ್ರಿಗೆ," ಎಂದರು ಮಲ್ಲಾಜಮ್ಮ. "ಮೂಗಿನ ತುದೀಗೆ ಜಾರ್ಸ್ಕಂಡು ಮ್ಯಾಲಿಂದ ನೋಡೋರು. ಮನೇಗ್ ಬಂದು ಉಳ್ಳಾಡ್ಕಂಡು ನಗೋರು. ಆ ಮೇಷ್ಟ್ರಂಥ ದರ್ಮಾತ್ಮ ಇಲ್ಲ ಕಣೇ ಮಲ್ಲಾಜಿ, ಅನ್ನೋರು."

ಮೇಷ್ಟ್ರು ಎದ್ದು ನಿಂತರು. ಎಂಟು ತಿಂಗಳಿಂದ ಅವರು ಗೆಳೆಯನ ಹೆಸರನ್ನು ಕಣ್ಣು ತೇವವಾಗದೆ ಎತ್ತಿರಲಿಲ್ಲ. ಮಹಾನುಭಾವ, ಪುಣ್ಯಾತ್ಮ ಎಂದಲ್ಲದೆ ಕರೆದಿರಲಿಲ್ಲ.

"ಕಳ್ಳ!" ಎಂದು ಗುಡುಗಿದರು. "ಲೇ ಬೀರಾ! ಕಳ್ಳ ನನ್ಮಗನೇ!"

ಮೂವರೂ ನಕ್ಕರು. ಮಲ್ಲಾಜಮ್ಮ ನಕ್ಕು ನಕ್ಕು ಅತ್ತರು, ಅತ್ತು ಮತ್ತೆ ನಕ್ಕರು. ಸರ್ವಮಂಗಳಮ್ಮ ಬೇರೆ ಕಾಫಿ ತರಲು ಒಳಗೆ ಹೋದರು, ಅಲ್ಲಿಂದಲೂ ನಗು ಕೇಳಿಸುತ್ತಿತ್ತು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇಷ್ಟ್ರು ತಾವೇ ಜಗಲಿಯ ಮೇಲೆ ಮನೆ ಬರೆದು ಕವಡೆ ತಂದರು. "ಬನ್ನಿ ತಾಯಿ. ಹನ್ನೊಂದು ವರ್ಷದ್ದು ನಿಮ್ಮಿಂದಲೇ ವಸೂಲಿ ಮಾಡ್ತೀನಿ." ಮಲ್ಲಾಜಮ್ಮ ಗಂಡನ ಕನ್ನಡಕ ಹಾಕಿಕೊಂಡು ಕುಳಿತರು. ಅಕ್ಕಿ ಆರಿಸುವಾಗ ಒಂದು ದಿನ ಸುಮ್ಮನೆ ಹಾಕಿ ನೋಡಿದ್ದರಂತೆ, ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿತ್ತಂತೆ.

ಕವಡೆ ಎಸೆದಾಗ ಮೇಷ್ಟ್ರಿಗೆ ಬಿದ್ದದ್ದು ಮೂರು. ನಾಲ್ಕನೆಯ ಮನೆಯಲ್ಲಿ ಮಲ್ಲಾಜಮ್ಮನ ಕಾಯಿ. ಮೇಷ್ಟ್ರು ಆಕಾಶ ನೋಡುತ್ತಾ, ಮಳೆ ಬರುವ ಹಾಗಿದೆ ಎನ್ನುತ್ತಾ, ನಾಲ್ಕು ಮನೆ ನಡೆಸಿದರು.

"ಇಂದಕ್ಕಿಡಿ ಅಣ್ಣಾ," ಎಂದರು ಮಲ್ಲಾಜಮ್ಮ.

"ಯಾಕೆ? ಏನಾಯ್ತು? ನನಗೆ ಕಣ್ಣು ಸ್ವಲ್ಪ..."

"ಇಂದಕ್ಕಿಡಿ," ಎಂದು ಆಕೆ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು. "ನಂಗೆ ಬಾಳ ಚೆಂದಾಗಿ ಕಾಣ್ತದೆ."