ತಮ್ಮನ ಪಡಸಾಲೆಯ ಆಕ್ಟೋಪಸ್

ನನ್ನ ತಮ್ಮ ಇವತ್ತಿಗೂ ಸಮುದ್ರ ಕಂಡವನಲ್ಲ. ಅವನು ಕಂಡ ಅತಿ ದೊಡ್ಡ ನೀರೆಂದರೆ ನಮ್ಮ ಹೊಸಪೇಟೆಯ ಡ್ಯಾಮು. ಆದರೂ ಆಕ್ಟೋಪಸ್ಸಿನ ವಿಷಯ ಅವನಷ್ಟು ಬಲ್ಲವರು ಕಂಪ್ಲಿಯಿಂದ ಸಂಡೂರಿನ ತನಕ ಒಬ್ಬರು ಸಿಕ್ಕರೂ ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಅವರಿಗೆ ಧಾರೆ ಎರೆದುಬಿಡುತ್ತೇನೆ!

ಕಂಪ್ಲಿಯಲ್ಲಿ ಅವನದು ರೈಸ್‌ಮಿಲ್ಲು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಸ್ಟ್ರಿಕ್ಟ್ ವೆಜಿಟೇರಿಯನ್. ತಾಯಿಯಿಲ್ಲದ ಒಬ್ಬಳೇ ಮಗಳು ಗೌರಿ ಹಾಸ್ಟೆಲ್ಲಿಗೆ ಹೋಗುವಾಗ ಬೇಸರ ಕಳೆಯಲೆಂದು ಅವನ ಕೈಗೊಂದು ಮೊಬೈಲ್ ಕೊಟ್ಟಳು. ಮುಗಿಯಿತು! ಹಗಲೂ ರಾತ್ರಿ ಅದರಲ್ಲಿ ಆಕ್ಟೋಪಸ್ಸಿನ ವಿಡಿಯೋ. ಅಂದಿನಿಂದ ನಮ್ಮ ನೆಂಟರ‍್ಯಾರೂ ನೆಂಟರಾಗಿ ಉಳಿದಿಲ್ಲ, ಸ್ಪೀಶೀಸ್ ಆಗಿದ್ದಾರೆ.

ಬುಕ್ಕಸಾಗರದ ದೊಡ್ಡಪ್ಪನ ಮಗ 'ಮಿಮಿಕ್ ಆಕ್ಟೋಪಸ್'. ಆ ಪ್ರಾಣಿ ಒಮ್ಮೆ ವಿಷದ ಮೀನಿನಂತೆ, ಒಮ್ಮೆ ಹಾವಿನಂತೆ ವೇಷ ಹಾಕುತ್ತದಂತೆ. ಇವನೋ, ಚುನಾವಣೆಗೊಂದು ಬಣ್ಣದ ಶಾಲು! ಬಸ್ಸಿನಲ್ಲೂ ಕುಕ್ಕರ್ ಹೊತ್ತು ತಿರುಗುವ ಮರಿಯಮ್ಮನಹಳ್ಳಿಯ ಚಿಗವ್ವ 'ಕೋಕನಟ್ ಆಕ್ಟೋಪಸ್'. ಅದೂ ತೆಂಗಿನ ಚಿಪ್ಪು ಹೊತ್ತೇ ಹೊರಡುವುದು. ಹೆದರಿಕೆಯಾದರೆ ಅದರೊಳಗೆ ಕೂತು ಬಾಗಿಲು ಹಾಕಿಕೊಳ್ಳುವುದು.

"ನಾನ್ಯಾವುದೋ?" ಎಂದೆ. ಕೇಳಬಾರದಿತ್ತು.

"ನೀನು ಬ್ಲೂ ರಿಂಗ್ಡ್, ಅಕ್ಕಾ. ಅಂಗೈಯಾಗ ಹಿಡಿಸೋವಷ್ಟು ಸಣ್ಣದು, ನೋಡಾಕ ಭಾಳ ಚೆಂದ. ಸಿಟ್ಟು ಬಂತಂದ್ರ ಮೈಮ್ಯಾಲಿನ ನೀಲಿ ಉಂಗುರ ಹೊಳೀತಾವ."

"ಆಮ್ಯಾಲ?"

"ಕಚ್ಚಿಸ್ಕೊಂಡವರು ಆಮ್ಯಾಲಿಂದು ಹೇಳಾಕ ಉಳಿಯಂಗಿಲ್ಲ."

ಹೌ ರೂಡ್!

ಇಂಥವನ ಮನೆಗೆ ಸಂಡೂರಿನಿಂದ ಗೌರಿಯನ್ನು ನೋಡಲು ಬಂದರು. ಹುಡುಗ ಅವಳ ಕಾಲೇಜಿನವನೇ. "ಅತ್ತಿ, ನಂಗ ಇವನೇ ಬೇಕು. ಅಪ್ಪನ ಬಾಯಿಗೆ ಬೀಗ ಹಾಕ್ರಿ," ಎಂದು ಬೆಳಗಿನಿಂದ ನನ್ನ ಸೆರಗು ಹಿಡಿದಿದ್ದಳು. ಬಾಯಿಗೇನೋ ಉಪ್ಪಿಟ್ಟು ತುಂಬಿ ಬೀಗ ಹಾಕಿದೆ. ಗೋಡೆಯನ್ನು ಮರೆತೆ!

ಪಡಸಾಲೆಯಲ್ಲಿ ಗುರುಗಳ ಫೋಟೋ ಪಕ್ಕಕ್ಕೆ ಬಾಗಿಲಗಲದ ಆಕ್ಟೋಪಸ್ ಫೋಟೋ, ಕಟ್ಟು ಹಾಕಿಸಿದ್ದು. ಕೆಲಸದಾಕೆ ಯಾವ ಫೋಟೋಕ್ಕೂ ಭೇದ ಮಾಡುವವಳಲ್ಲ. ಅದಕ್ಕೂ ಮಲ್ಲಿಗೆ ಮಾಲೆ! ಹುಡುಗನ ತಾಯಿ ಭಕ್ತಿಯಿಂದ ಕೈಮುಗಿದರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಅಯ್ಯ ಶಿವನೇ! ಇದು ತಿನ್ನೋದಲ್ಲೇನ್ರಿ? ಲಿಂಗ ಕಟ್ಟಿಕೊಂಡವರು ಮೀನು ತಿಂತೀರೇನು?" ಎಂದು ಕೈಯಲ್ಲಿದ್ದ ಸಿಹಿ ಶಿರಾದ ತಟ್ಟೆ ಕೆಳಗಿಟ್ಟರು. ಗೌರಿಯ ಮುಖ ಬಿಳಿಚಿತು.

"ಮೀನಲ್ರಿ ಅದು!" ತಮ್ಮ ಎದ್ದೇಬಿಟ್ಟ. "ಮೂರು ಹೃದಯ ಅದಾವ ಅದಕ್ಕ. ರಕ್ತ ನೀಲಿ!"

ಮೈ ಗಾಡ್! ಆಕೆಯೂ ಎದ್ದರು. "ಮತ್ತ ಮನ್ಯಾಗ ಯಾಕ ಹಾಕೀರಿ ಇದನ್ನ?"

ಅವನ ಮಾತು ತಡವರಿಸಿದ್ದನ್ನು ಅಂದೇ ಮೊದಲು ನೋಡಿದೆ.

"ಇದು ತಾಯಿರೀ. ಗೊಂಚಲಿನಂಗ ಕಾಣತಾವಲ್ಲ, ಅವು ತತ್ತಿ. ತಿಂಗಳಗಟ್ಟಲೆ ಒಂದು ತುತ್ತು ತಿನ್ನಂಗಿಲ್ಲ, ಅವಕ್ಕ ನೀರು ಊದಿಕೋತ ಕಾಯ್ತೈತಿ. ಮರಿ ಹೊರಗ ಬರೋ ಹೊತ್ತಿಗೆ ಅದರ ಉಸಿರು ಮುಗೀತೈತಿ. ಇವಳವ್ವನೂ ಹೆರಿಗಿಯೊಳಗ ಹಂಗ ಹೋದಳು. ಈ ಕೂಸು ತಾಯಿ ಕೈಯಿಂದ ಒಂದು ತುತ್ತು ಉಂಡಿಲ್ಲ." ಅವನು ಆಕೆಯ ಕಡೆ ನೋಡಿದ. "ನಿಮ್ಮ ಮನ್ಯಾಗ ಒಬ್ಬ ತಾಯಿ ಅದಾರಂತ ಕೇಳಿದ್ನಿ. ಮತ್ತೇನೂ ವಿಚಾರಸದ ಈ ಸಂಬಂಧಕ್ಕ ಹ್ಞೂಂ ಅಂದ್ನಿರಿ."

ಆಕೆ ಬಗ್ಗಿ ತಟ್ಟೆ ಎತ್ತಿಕೊಂಡು ಗೌರಿಯತ್ತ ತಿರುಗಿದರು.

"ಬಾ ಇಲ್ಲೆ. ಗಾಬರೀಲೆ ಮುಂಜಾನಿಂದ ಏನೂ ತಿಂದಿಲ್ಲ ಹೌದಿಲ್ಲೋ ನೀನು? ಬಾಯಿ ತೆಗಿ."

ಗೌರಿ ಶಿರಾ ನುಂಗುತ್ತಲೇ ಅಳುತ್ತಿದ್ದಳು. ಆಕೆ ಎಡಗೈಯಲ್ಲಿ ಅವಳ ಕಣ್ಣೊರೆಸಿ, ಬಲಗೈಯಲ್ಲಿ ಇನ್ನೊಂದು ತುತ್ತು ಹಿಡಿದು ಕಾದರು.