ಎಂಟು ಸೆಕೆಂಡು ಅಲುಗಾಡಬೇಡಿ!

"ಓಡ್‌ಮುಂಡ್ ಕ್ಯಾಮೆರಾ ಎತ್ತಿದ್ದೇ ತಡ, ಸೂರ್ಯ ಎರಡು ತಿಂಗಳು ಮುಖ ಮುಚ್ಕೋತಾನೆ!" ಎಂದು ನಮ್ಮ ಕೇರಿಯವರು ಆಡಿಕೊಳ್ಳುತ್ತಿದ್ದರು. ನಾರ್ವೆಯ ಉತ್ತರದ ತುದಿಯ ನಮ್ಮ ಸೆನ್ಯಾ ದ್ವೀಪದಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿಗೇ ಏಳುವವನು. ಅಪವಾದ ಮಾತ್ರ ನನಗೆ!

ಅದನ್ನು ತೊಳೆದೇ ತೀರುತ್ತೇನೆಂದು ಆ ಡಿಸೆಂಬರಿನಲ್ಲಿ ಪಣ ತೊಟ್ಟೆ. ಮೂವತ್ತೊಂದು ವರ್ಷ ಬಾಳಿದ ಮನೆ ಮಾರಿ ಬಂದರಿನ ಬಳಿಯ ಚಿಕ್ಕ ಮನೆಗೆ ಹೊರಟಿದ್ದೆವು. ಹೊರಡುವ ದಿನ ಮಧ್ಯಾಹ್ನ ಎರಡು ಗಂಟೆಗೆ ಕೊಂಡವರಿಗೆ ಬೀಗದ ಕೈ ಕೊಡಬೇಕು. ಹೆಂಡತಿ ಗುನ್ವೋರ್ ಕೇಳಿದ್ದು ಒಂದೇ: "ಹೊಸ ಗೋಡೆಗೆ ಈ ಮನೇದೊಂದು ಚಿತ್ರ ತೆಗೀರಿ, ಸಾಕು."

"ಜಗತ್ತೇ ಬೆರಗಾಗೋ ಹಾಗೆ ತೆಗೀತೀನಿ!"

ನಡುಹಗಲಿಗೆ ಹಿಮದ ಮೇಲೆ ಒಂದು ಗಂಟೆ ನೀಲಿ ಬೆಳಕು ಇಳಿಯುತ್ತದೆ. ಅದರ ನಡುವೆ ಕಿಟಕಿಯ ಹಳದಿ ದೀಪಗಳೇಕೆ? ಕಲೆಗೇ ಕಳಂಕ! ಏಳು ದೀಪಗಳನ್ನೂ ಆರಿಸಿದೆ.

"ಆರಿಸಬೇಡಿ ರೀ! ನೋಡಿದೋರು ಏನಂದ್ಕೊಂಡಾರು?"

"ನಿನಗೆ ಕಲೆ ಗೊತ್ತಾಗಲ್ಲ ಬಿಡು!"

ಕತ್ತಲ ಕಾಲದಲ್ಲಿ ಕಿಟಕಿಯ ದೀಪ ಆರಿದರೆ ಆ ಮನೆಗೆ ಏನೋ ಕೇಡಾಗಿದೆ ಎಂದೇ ನಮ್ಮ ಕೇರಿಯ ನಂಬಿಕೆ. ಅಂಗಳದಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ಕೂರಿಸುವಷ್ಟರಲ್ಲಿ ಪಕ್ಕದ ಮನೆಯ ಅಸ್ಲೌಗ್ ಅಜ್ಜಿ ಒಲೆಯ ಮೇಲಿದ್ದ ಮೀನಿನ ಸಾರಿನ ಪಾತ್ರೆ ಸಮೇತ ಓಡಿಬಂದಳು.

"ಯಾರು ಹೋದ್ರು? ನೀನೋ, ಅವಳೋ?"

"ನಾನು ಮಾತಾಡ್ತಿದ್ದೀನಲ್ಲಜ್ಜೀ!"

"ಅಯ್ಯೋ, ಹಾಗಾದ್ರೆ ಅವಳೇ!" ಎಂದು ಗೋಳೋ ಎಂದಳು.

ಗುನ್ವೋರ್ ಬಾಗಿಲಿಗೆ ಬಂದು, "ಇದ್ದೀನಜ್ಜಿ, ಇನ್ನೂ ಸಹಿಸ್ಕೊಂಡಿದ್ದೀನಿ!" ಎಂದಳು.

ಅಷ್ಟರಲ್ಲಿ ಏಲಕ್ಕಿ ಬನ್ನು ಹಿಡಿದ ಎದುರು ಮನೆಯ ಹಾಲ್ವರ್, ಏಣಿ ಹೊತ್ತ ಅವನ ತಮ್ಮ... ಹತ್ತೊಂಬತ್ತು ಜನ! ಹಣೆಹಣೆಗೂ ಟಾರ್ಚು! ನಾನು ಕಾಯ್ದಿಟ್ಟ ಹಿಮ ಕುರಿದೊಡ್ಡಿಯಾಯಿತು. ನೀಲಿ ಬೆಳಕೂ ಕರಗುತ್ತಿತ್ತು.

"ಚಿತ್ರ ಹೋಯ್ತು ಕಣೇ!"

"ಹೋಗಿಲ್ಲ. ಇವರನ್ನೇ ಮನೆ ಮುಂದೆ ನಿಲ್ಲಿಸಿ ತೆಗೀರಿ," ಎಂದ ಗುನ್ವೋರ್ ದೀಪಗಳನ್ನೆಲ್ಲ ಮತ್ತೆ ಹಚ್ಚಿ ಅವರ ನಡುವೆ ನಿಂತಳು.

ಆ ಮಬ್ಬಿಗೆ ಕ್ಯಾಮೆರಾ ಎಂಟು ಸೆಕೆಂಡು ಕಣ್ಣು ತೆರೆದಿರಬೇಕು. "ಟಾರ್ಚು ಆರಿಸಿ! ಯಾರೂ ಅಲುಗಾಡಬೇಡಿ! ಉಸಿರೂ ಬಿಡಬೇಡಿ!" ಎಂದು ಗುಡುಗಿ, ಗುಂಡಿ ಒತ್ತಿ, ನಾನೂ ಸೇರಿಕೊಳ್ಳಲು ಓಡಿದೆ. ಜಾರಿದೆ, ಎದ್ದೆ, ಮತ್ತೆ ಜಾರಿದೆ!

ಕ್ಯಾಮೆರಾದ ಪರದೆಯಲ್ಲಿ ನೋಡಿದರೆ ಚಿತ್ರದಲ್ಲಿ ಮನೆ ಸ್ಪಷ್ಟ, ದೀಪ ಸ್ಪಷ್ಟ, ಒಂದೊಂದು ಮುಖವೂ ಸ್ಪಷ್ಟ. ನಾನು ಮಾತ್ರ ಬೂದುಬಣ್ಣದ ಒಂದು ಗೀಟು! ಆದರೇನು? ದೀಪ ಆರಿತೆಂದು ಓಡಿಬರುವ ಇಷ್ಟು ಜನ ಯಾರಿಗಿದ್ದಾರೆ?

"ಓಡ್‌ಮುಂಡ್, ನಾವಿನ್ನು ಉಸಿರಾಡಬಹುದೇನಪ್ಪಾ?" ಎಂದ ಹಾಲ್ವರ್.

ಬೀಗದ ಕೈ ಕೊಟ್ಟು ಕೊನೆಯ ಸಲ ಹೊಸ್ತಿಲು ದಾಟುವಾಗ ನನ್ನ ಕಾಲೇ ಏಳಲಿಲ್ಲ. ಕಂಬದಂತೆ ನಿಂತುಬಿಟ್ಟೆ.

"ನೋಡಿ ಇವರನ್ನ! ಕ್ಯಾಮೆರಾ ಚೀಲದೊಳಗೆ ಹೋದ ಮೇಲೆ ಅಲುಗಾಡದೆ ನಿಂತಿದ್ದಾರೆ!" ಎಂದು ಗುನ್ವೋರ್ ಕೇರಿಗೆಲ್ಲ ಕೇಳುವಂತೆ ನಕ್ಕು, ತೋಳು ಹಿಡಿದು ನನ್ನನ್ನು ಹೊರಗೆಳೆದಳು.