ಅಣ್ಣನ ಎದೆಯೂ ನನ್ನ ಒಣ ಬಂಗಡೆಯೂ

ಅಣ್ಣನ ಹೃದಯವನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಮನೆಯವರೆಲ್ಲ ಸೇರಿ ನನಗೆ ವಹಿಸಿದಾಗ ನಾನು ಚೂರೂ ಅಂಜಲಿಲ್ಲ. ಓದಿದ್ದು ಐದನೇ ಕ್ಲಾಸು. ಆದರೂ ಹರಿದ ಬಲೆ ಹೊಲಿಯುತ್ತೇನೆ, ಮುನಿಸಿಕೊಂಡ ಬೋಟಿನ ಇಂಜಿನ್ನನ್ನು ಬೈದು ಬೈದು ಎಬ್ಬಿಸುತ್ತೇನೆ. ಒಂದು ಹೃದಯ ಏನು ಮಹಾ!

ಮನೆಯವರೆಲ್ಲ ಅಂದರೆ ಅತ್ತಿಗೆ ಒಬ್ಬರೇ. ಕುಂದಾಪುರದ ಕೋಡಿಯಲ್ಲಿ, ಹೊಳೆ ಕಡಲು ಸೇರುವ ಕಡೆ, ಅಣ್ಣ, ಅತ್ತಿಗೆ, ನಾನು ಮೂವರೇ ಇರುವುದು. ನನ್ನನ್ನು ಒಪ್ಪುವ ಹೆಣ್ಣು ಇನ್ನೂ ಸಿಕ್ಕಿಲ್ಲ. ಇದನ್ನು ಓದಿದ ಮೇಲೆ ಸಿಗುವ ಆಸೆಯೂ ಇಲ್ಲ.

ಅಣ್ಣ ಬೋಟು ನಡೆಸುವ ತಾಂಡೇಲ. ನಾನು ಚಿಕ್ಕವನಿದ್ದಾಗ ಅಪ್ಪ ಒಂದು ಬೆಳಿಗ್ಗೆ “ವಾಯು, ವಾಯು” ಎಂದು ಎದೆ ತಿಕ್ಕಿಕೊಳ್ಳುತ್ತ ಜಗಲಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಅಂದಿನಿಂದ ಅಣ್ಣನೇ ನನಗೆ ಅಪ್ಪ. ಅವನು ಏನಾದರೂ ಕೇಳಿದರೆ ಇಲ್ಲ ಅನ್ನುವುದನ್ನು ನನ್ನ ನಾಲಿಗೆ ಕಲಿತೇ ಇಲ್ಲ. ಅನಾಹುತವೆಲ್ಲ ಶುರುವಾಗುವುದು ಇಲ್ಲಿಂದಲೇ.

ಮಳೆಗಾಲ ಹಿಡಿದು ಬೋಟುಗಳೆಲ್ಲ ದಡ ಸೇರಿದ್ದವು. ತಲೆ ತಿರುಗುತ್ತದೆ ಎಂದು ಅಣ್ಣನನ್ನು ಪೇಟೆಯ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಅವರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಹುಬ್ಬು ಮೇಲೇರಿಸಿದರು.

“ಬಿಪಿ ರಾಶಿ ಇತ್ತ್ ಮರ್ರೆ. ಪ್ರಪಂಚದಗೆ ಜನ ಜಾಸ್ತಿ ಸಾಯುದೇ ಈ ಹಾರ್ಟಿನ ಕಾಯ್ಲೆಯಗೆ. ಬಡವ, ಸಾವ್ಕಾರ ಅಂದೇಳಿ ಇಲ್ಲೆ. ಉಪ್ಪು, ಬೀಡಿ, ಸಕ್ರಿ ಕಾಯ್ಲೆ, ಮೈ ಆಡ್ಸ್ದೆ ಕೂಕಂಬುದು, ಎಲ್ಲ ಕಾರಣವೇ. ಅಪ್ಪಂಗೆ ಇದ್ರೆ ಮಕ್ಳೂ ಜಾಗ್ರತಿ ಮಾಡ್ಕ್.”

ಅಣ್ಣ ಕೇಳಿದ: “ಪ್ರಪಂಚದವ್ರೆಲ್ಲ ಒಣಮೀನ್ ತಿಂತ್ರಾ ಡಾಕ್ಟ್ರೇ?”

“ಅವ್ರ್ ಬೇರೆ ಎಂತದೋ ತಿಂತ್ರ್. ನೀವ್ ಒಣಮೀನ್ ಬಿಡಿ. ಉಪ್ಪಿನ್ಕಾಯಿ ಬಿಡಿ. ಬೀಡಿ ಬಿಡಿ. ದಿನಾ ನಡೀನಿ.”

“ಮತ್ತ್ ಬದ್ಕೂದ್ ಎಂತಕ್ಕೆ?”

ಅತ್ತಿಗೆ ಒಮ್ಮೆ ನೋಡಿದರು. ಅಣ್ಣ ಬೀಡಿಯ ಕಟ್ಟನ್ನು ಅಲ್ಲೇ ಡಾಕ್ಟರ ಮೇಜಿನ ಮೇಲಿಟ್ಟ!

ಡಾಕ್ಟರು ಕೊಟ್ಟ ಮಾತ್ರೆ ಹಿಡಿದು ಮನೆಗೆ ಬಂದು ಕೆಲಸ ಹಂಚಿಕೊಂಡೆವು. ಅಡುಗೆಮನೆಯಿಂದ ಉಪ್ಪನ್ನು ಗಡೀಪಾರು ಮಾಡುವುದು ಅತ್ತಿಗೆಯ ಪಾಲು. ಅಣ್ಣನನ್ನು ದಿನಾ ನಡೆಸಿಕೊಂಡು ಹೋಗಿ, ಅವನು ಅಡ್ಡದಾರಿ ಹಿಡಿಯದಂತೆ ಕಾಯುವುದು ನನ್ನ ಪಾಲು. ಕಳ್ಳನಿಗೆ ಕಾವಲಾಗಿ ಅವನ ತಮ್ಮನನ್ನೇ ನೇಮಿಸಿದ ಹಾಗಾಯಿತು.

ಮಳೆಗಾಲದಲ್ಲಿ ಗಂಜಿಯ ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ಒಣ ಬಂಗಡೆ ಇಲ್ಲದಿದ್ದರೆ ನಮ್ಮ ಮಂದಿಗೆ ಅದು ಊಟವಲ್ಲ, ಶಿಕ್ಷೆ. ಅಣ್ಣ ಕೆಲವು ದಿನ ಸಹಿಸಿದ. ಕಡೆಗೊಂದು ಬೆಳಿಗ್ಗೆ, ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದವನು ನಿಂತುಬಿಟ್ಟ.

“ಗೋಪಾಲ, ಒಂದೇ ಒಂದ್ ಬಂಗ್ಡಿ ಮಾರಾಯ. ಬಾಯಿ ಸತ್ತೇ ಹೋಯ್ತ್.”

ಕಣ್ಣಲ್ಲಿ ನೀರಿತ್ತು. ಬಿರುಗಾಳಿಯಲ್ಲಿ ಬೋಟು ತಿರುಗಿಸಿ ತಂದ ಮನುಷ್ಯ ಒಂದು ಬಂಗಡೆಗಾಗಿ ಅಳುತ್ತಿದ್ದ! ನನ್ನ ಐದನೇ ಕ್ಲಾಸಿನ ಬುದ್ಧಿ ಕೂಡಲೇ ಕೆಲಸ ಮಾಡಿತು. ದೋಷ ಇರುವುದು ಮೀನಿನಲ್ಲಲ್ಲ, ಉಪ್ಪಿನಲ್ಲಿ. ಮೀನನ್ನು ಚೆನ್ನಾಗಿ ನೀರಿನಲ್ಲಿ ನೆನೆಸಿದರೆ ಉಪ್ಪು ಬಿಡುತ್ತದೆ. ಆಮೇಲೆ ಸುಟ್ಟು ತಿಂದರೆ ಡಾಕ್ಟರ ಮಾತೂ ಉಳಿಯಿತು, ಅಣ್ಣನ ಬಾಯಿಯೂ ಉಳಿಯಿತು!

ಒಂದೇ ತೊಡಕು, ವಾಸನೆ. ಒಣಮೀನು ಸುಟ್ಟರೆ ಇಡೀ ಕೇರಿಗೆ ಡಂಗುರ ಸಾರಿದಂತೆ. ಹೊಳೆಯಂಚಿನಲ್ಲಿ ನಾನು ಬಲೆ ಹೊಲಿಯುವ ಶೆಡ್ಡು ಮನೆಯಿಂದ ದೂರವಿತ್ತು. ಹಿಂದಿನ ದಿನವೇ ಬಂಗಡೆಯನ್ನು ಚೀಲದಲ್ಲಿ ಹಾಕಿ ಹೊಳೆಗೆ ಇಳಿಬಿಡುತ್ತಿದ್ದೆ. ಬೆಳಿಗ್ಗೆ ವಾಕಿಂಗಿನ ನೆಪದಲ್ಲಿ ಇಬ್ಬರೂ ಶೆಡ್ಡಿಗೆ. ತೆಂಗಿನ ಚಿಪ್ಪಿನ ಕೆಂಡ, ಅದರ ಮೇಲೆ ಬಂಗಡೆ. ಅಣ್ಣನದು ಒಂದು, ನನ್ನದು ಎರಡು. ಕಾವಲುಗಾರನಿಗೂ ಹಸಿವಾಗುತ್ತದಲ್ಲ!

ಮುಂದಿನ ಸಲ ಡಾಕ್ಟರು ಪಟ್ಟಿ ಸುತ್ತಿದಾಗ ನನ್ನದೇ ಎದೆ ಡವಗುಟ್ಟಿತು. ಆದರೆ ಬಿಪಿ ಇಳಿದಿತ್ತು!

“ಭೇಷ್. ಹೀಂಗೇ ನಡೀನಿ,” ಅಂದರು ಡಾಕ್ಟರು.

ಪ್ರಪಂಚವನ್ನೆಲ್ಲ ಕಾಡುವ ಹೃದ್ರೋಗಕ್ಕೆ ಕೋಡಿಯ ಶೆಡ್ಡಿನಲ್ಲಿ ಮದ್ದು ಸಿಕ್ಕಿದೆ ಎಂದು ಯಾರಿಗಾದರೂ ತಿಳಿಸಬೇಕೆಂದು ನನಗೆ ಬಹಳ ಆಸೆಯಾಯಿತು. ತಿಳಿಸುವ ಹಾಗಿರಲಿಲ್ಲ, ಅಷ್ಟೇ.

ಗುಟ್ಟು ತಿಳಿದ ಇನ್ನೊಂದು ಜೀವವಿತ್ತು. ಶೆಡ್ಡಿನಲ್ಲಿ ಮುಳ್ಳು ತಿನ್ನಲು ಬರುತ್ತಿದ್ದ ಒಂದು ಕರಿ ಬೆಕ್ಕು ಅಣ್ಣನ ಕೈ ವಾಸನೆ ಹಿಡಿದು ದಿನಾ ಮನೆತನಕ ಹಿಂಬಾಲಿಸತೊಡಗಿತು. ಅತ್ತಿಗೆಗೆ ಗಾಬರಿ.

“ಗೋಪಾಲ, ಆ ಬೆಕ್ಕ್ ಎಂತಕ್ಕಾ ಇವ್ರ್ ಹಿಂದೇ ಬಪ್ಪುದ್? ಜೀವಕ್ಕೆ ಎಂತಾರು ಆತ್ತ್ ಅಂದ್ರೆ ಪ್ರಾಣಿಗಳಿಗೆ ಮುಂಚೆ ಗೊತ್ತಾತ್ತಂಬ್ರ್.”

“ಅಣ್ಣನ್ ಮನ್ಸ್ ಒಳ್ಳೇದಲ್ದಾ ಅತ್ಗೇ, ಅದ್ಕೆ,” ಅಂದೆ.

ಮಳೆ ಹೋಯಿತು. ಬೋಟುಗಳು ಕಡಲಿಗೆ ಇಳಿದವು. ಡಾಕ್ಟರು ಬೇಡ ಎಂದಿದ್ದರಿಂದ ಅಣ್ಣ ದಡದಲ್ಲೇ ಉಳಿದ. ನಮ್ಮ ವಾಕಿಂಗ್ ಮಾತ್ರ ನಿಷ್ಠೆಯಿಂದ ನಡೆದಿತ್ತು. ತುಳಸಿ ಪೂಜೆ ಕಳೆದ ಮೇಲೆ ಡಾಕ್ಟರ ಬಳಿ ಹೋದರೆ ಬಿಪಿ ಏರಿತ್ತು. ಮಾತ್ರೆ ಜಾಸ್ತಿ ಮಾಡಿದರು. ಮತ್ತೆ ಹೋದೆವು, ಇನ್ನೂ ಏರಿತ್ತು! ಡಾಕ್ಟರು ಅತ್ತಿಗೆಯ ಕಡೆ ತಿರುಗಿದರು.

“ಅಮ್ಮ, ಪಾಪ ಅಂದೇಳಿ ಸಾರಿಗೆ ಉಪ್ಪ್ ಹಾಕ್ತಿದ್ರಿಯಾ? ಹೀಂಗಾರೆ ಇವ್ರ್ ಉಳೂದಿಲ್ಲೆ.”

ಅತ್ತಿಗೆ ಆಸ್ಪತ್ರೆಯಿಂದ ನೇರ ಕುಂಭಾಶಿಯ ಬಸ್ಸು ಹತ್ತಿ, ಆನೆಗುಡ್ಡೆ ಗಣಪತಿಯ ಎದುರು ನಿಂತು ಹರಕೆ ಹೇಳಿಕೊಂಡರು: ಮನೆಯವರ ಬಿಪಿ ಇಳಿಯುವ ತನಕ ತಾನೂ ಉಪ್ಪು ಮುಟ್ಟುವುದಿಲ್ಲ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ನನ್ನ ಬೆರಳುಗಳಲ್ಲಿ ಬೆಳಗಿನ ಬಂಗಡೆಯ ವಾಸನೆಯಿತ್ತು. ಗಣಪತಿಯ ಮೂಗು ಎಷ್ಟು ಉದ್ದ ಎಂದು ನನಗೆ ಹೊಳೆದದ್ದು ಆಗಲೇ.

ಅಂದಿನಿಂದ ನನಗೆ ನೆಮ್ಮದಿ ಹೋಯಿತು. ಅತ್ತಿಗೆ ಸಪ್ಪೆ ಗಂಜಿಯನ್ನು ನೀರು ಕುಡಿದು ನುಂಗುವುದನ್ನು ನೋಡಲಾಗುತ್ತಿರಲಿಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆಯುತ್ತಿದ್ದೆ, “ಗಂಜಿ ಇನ್ನೊಂಚೂರ್ ಹಾಕಿ” ಎಂದು ಮುಚ್ಚುತ್ತಿದ್ದೆ. ಮಧ್ಯಾಹ್ನ ಅಣ್ಣ ಮಲಗಿದರೆ ಉಸಿರು ಆಡುತ್ತಿದೆಯೇ ಎಂದು ಬಗ್ಗಿ ಕೇಳುತ್ತಿದ್ದೆ. ಒಂದು ದಿನ ಅವನು ಕಣ್ಣು ಮುಚ್ಚಿಕೊಂಡೇ, “ಹ್ವಾಯ್, ಬದ್ಕಿದ್ನಾ ಅಂದ್ ಕಾಂತ್ಯಾ? ಬದ್ಕಿದ್ದೆ. ಆಚಿಗ್ ಹೋಗ್,” ಅಂದ.

ಮೀನು ನಿಲ್ಲಿಸಿದೆನೆ? ಇಲ್ಲ. ಉಪ್ಪು ಸರಿಯಾಗಿ ಬಿಟ್ಟಿಲ್ಲವೆಂದು ತೀರ್ಮಾನಿಸಿ ಇನ್ನೂ ಹೆಚ್ಚು ಹೊತ್ತು ನೆನೆಸಿದೆ!

ಕಡೆಗೂ ಅದು ಬಂತು. ಶೆಡ್ಡಿನಲ್ಲಿ ಅಣ್ಣ ಅರ್ಧ ಬಂಗಡೆ ಕೈಯಲ್ಲಿ ಹಿಡಿದು ಎದೆ ತಿಕ್ಕಿಕೊಂಡ. ಹಣೆಯ ಮೇಲೆ ಬೆವರು.

“ಎದಿ ಬಿಗ್ದಂಗ್ ಆತ್ತ್. ವಾಯು ಆಯ್ಕ್.”

ವಾಯು! ಅಪ್ಪನ ಮಾತು ಅಣ್ಣನ ಬಾಯಲ್ಲಿ. ಆಗ ನಾನು ಮೊದಲು ಏನು ಮಾಡಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಅಣ್ಣ ಎದೆ ಹಿಡಿದು ಕುಳಿತಿದ್ದ. ನಾನು ಮೀನಿನ ಮುಳ್ಳುಗಳನ್ನು ಮರಳಿನಲ್ಲಿ ಹೂಳುತ್ತಿದ್ದೆ! ಅವನ ಕೈಯಲ್ಲಿದ್ದ ಅರ್ಧವನ್ನೂ ಕಿತ್ತು ಹೂಳಿದೆ. ಆಮೇಲೆ ರಸ್ತೆಗೆ ಓಡಿ ರಿಕ್ಷಾ ತಂದೆ. ಬೆಕ್ಕು ಹೂತದ್ದನ್ನೆಲ್ಲ ಕೆದಕಿ ತೆಗೆದು, ಒಂದು ತಲೆಯನ್ನು ಕಚ್ಚಿಕೊಂಡು, ನಮಗಿಂತ ಮೊದಲು ರಿಕ್ಷಾ ಹತ್ತಿತು.

ಆಸ್ಪತ್ರೆಯಲ್ಲಿ ಅಣ್ಣನನ್ನು ಒಳಗೆ ಕರೆದೊಯ್ದರು. ಸುದ್ದಿ ತಿಳಿದು ಅತ್ತಿಗೆ ಬಂದರು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದರು.

“ಹೊತ್ತಿಗ್ ಸರಿಯಾಯ್ ಬಂದ್ರಿ. ಇನ್ನೂ ತಡ ಮಾಡಿರೆ ಕಷ್ಟ ಇತ್ತ್. ಈಗ ಅಡ್ಡಿಲ್ಲೆ.” ಮತ್ತೆ ಅತ್ತಿಗೆಯ ಕಡೆ ತಿರುಗಿದರು. “ಅಮ್ಮ, ಉಪ್ಪ್...”

“ಇವ್ರಿಗೆ ಬಿಡಿ ಡಾಕ್ಟ್ರೇ, ನಾನೇ ಉಪ್ಪ್ ತಿನ್ನದ್ದೆ ಎಷ್ಟ್ ದಿನ ಆಯ್ತ್ ಕೇಣಿ!” ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟರು.

ನನ್ನ ಬಾಯಿ ತಾನಾಗಿ ತೆರೆಯಿತು. ಶೆಡ್ಡು, ಕೆಂಡ, ಬಂಗಡೆ, ಮುಳ್ಳು ಹೂತದ್ದು, ಎಲ್ಲ ಹೊರಬಿತ್ತು. ಕಡೆಗೆ ನನ್ನ ಪರವಾಗಿ ಒಂದು ಮಾತು ಸೇರಿಸಿದೆ: “ಆದ್ರೆ ಡಾಕ್ಟ್ರೇ, ನೀರಗೆ ನೆನ್ಸಿ ಉಪ್ಪ್ ತೆಗ್ದೇ ಕೊಡ್ತಿದ್ದೆ.”

ಅತ್ತಿಗೆ ಸೆರಗು ಸರಿಸಿದರು. “ಯಾವ ನೀರಗೆ?”

“ಹೊಳಿ ನೀರಗೆ.”

“ಈಗ್ಳೂ?”

“ಹೌದ್. ಈಗ ಇನ್ನೂ ಜಾಸ್ತಿ ಹೊತ್ತ್.”

“ಅಯ್ಯೋ ಮರ್ಳ! ಮಳ್ಗಾಲದಗೆ ಹೊಳಿ ಸಿಹಿ ನೀರ್. ಮಳೆ ಹೋದ್ಮೇಲೆ ಕಡ್ಲ್ ನೀರ್ ಒಳ್ಗ್ ಹತ್ತುದಿಲ್ಯನಾ? ಉಪ್ಪ್ ಮೀನ್ ತಕಂಡ್ ಹೋಯಿ ಉಪ್ಪ್ ನೀರಗ್ ನೆನ್ಸಿದ್ಯಾ!”

ಹೊಳೆ ಕಡಲು ಸೇರುವಲ್ಲೇ ಹುಟ್ಟಿದವನು ನಾನು. ಯಾವ ತಿಂಗಳಲ್ಲಿ ನೀರು ಉಪ್ಪಾಗುತ್ತದೆಂದು ನಮ್ಮ ಕೇರಿಯ ಬಾತುಕೋಳಿಗೂ ಗೊತ್ತು. ಡಾಕ್ಟರು ನಗಬಾರದೆಂದು ಗೋಡೆ ನೋಡಿದರು. ಅತ್ತಿಗೆ ನಗಲಿಲ್ಲ. ಬಾಗಿಲ ಹೊರಗೆ ಮೀಸೆ ಒರೆಸಿಕೊಳ್ಳುತ್ತಿದ್ದ ಬೆಕ್ಕನ್ನು ನೋಡಿ, “ಅದ್ಕ್ ಗೊತ್ತಿಪ್ಪುದ್ ನಂಗ್ ಗೊತ್ತಿಲ್ದೆ ಹೋಯ್ತಲೆ,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಿಗೆ ಏನನ್ನಿಸಿತೋ, ನನ್ನ ತೋಳಿಗೂ ಪಟ್ಟಿ ಸುತ್ತಿದರು. ಅಪ್ಪನ ರಕ್ತ ಬೇರೆ, ದಿನಕ್ಕೆರಡು ಬಂಗಡೆ ಬೇರೆ. ನನ್ನ ಬಿಪಿ ಅಣ್ಣನದನ್ನೂ ಮೀರಿಸಿತ್ತು!

ಅಣ್ಣ ಮನೆಗೆ ಬಂದ. ಈಗ ಚೆನ್ನಾಗಿದ್ದಾನೆ, ಬಿಪಿಯೂ ಇಳಿದಿದೆ. ಹರಕೆ ಮುಗಿಯಿತು, ಇನ್ನಾದರೂ ಉಪ್ಪು ತಿನ್ನಿ ಎಂದು ಅತ್ತಿಗೆಗೆ ಕೈಮುಗಿದೆ.

“ಮನಿಯವ್ರ ಬಿಪಿ ಅಂದೇಳಿ ಹರ್ಕಿ ಹೊತ್ತದ್ದ್,” ಅಂದರು ಅತ್ತಿಗೆ, ಸಪ್ಪೆ ಗಂಜಿ ಕಲಸುತ್ತ. “ನೀನೂ ಈ ಮನಿಯವ್ನೇ ಅಲ್ದನಾ?”

ನನ್ನದು ಇನ್ನೂ ಇಳಿದಿಲ್ಲ. ದಿನಾ ಊಟಕ್ಕೆ ಕುಳಿತಾಗ ಅಣ್ಣ ನನ್ನ ಕೈ ನೋಡುತ್ತಾನೆ.

“ಹ್ವಾಯ್, ಕದ್ದ್ ಎಲ್ಲಾರೂ ತಿಂತಿದ್ಯಾ?”

ಇಲ್ಲ, ಆಣೆ ಮಾಡಿ ಹೇಳುತ್ತೇನೆ. ನಂಬಿಕೆ ಇಲ್ಲದಿದ್ದರೆ ಬೆಕ್ಕನ್ನು ಕೇಳಿ. ಮೊನ್ನೆ ಅದು ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿ ನೋಡಿ, ಮುಖ ತಿರುಗಿಸಿ, ಪಕ್ಕದ ಮನೆಗೆ ಹೋಗಿ ಮಲಗಿದೆ.